ಹ್ಯಾಮ್ (ಹವ್ಯಾಸಿ) ರೇಡಿಯೋ: 80 ಮೀಟರ್‌ನಲ್ಲಿ ಟ್ಯೂನರ್ 1.2 ತೋರಿಸುತ್ತದೆ, ಆದರೆ ಯಾರಿಗೂ ಕೇಳಿಸುತ್ತಿಲ್ಲ

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ 30x40 ಸೈಟಿನ ಮನೆ. ತಾರಸಿ ಮೇಲೆ 40 ಮೀಟರ್ ಬ್ಯಾಂಡಿನ ಇನ್ವರ್ಟೆಡ್ ವಿ (ತಲೆಕೆಳಗಾದ V ಆಕಾರದ ಆ್ಯಂಟೆನಾ) ಇದೆ. ಒಂದೊಂದು ಕಡೆ 10 ಮೀಟರ್ ತಂತಿ, 20 ಮೀಟರ್ ಆರ್‌ಜಿ-58 ಕೇಬಲ್. 7.1 ಮೆಗಾಹರ್ಟ್ಜ್‌ನಲ್ಲಿ ಚೆನ್ನಾಗಿ ನಡೆಯುತ್ತಿದೆ. ಇದನ್ನೇ ಟ್ಯೂನರ್ (ರೇಡಿಯೋಗೂ ಆ್ಯಂಟೆನಾಕ್ಕೂ ಹೊಂದಿಸುವ ಪೆಟ್ಟಿಗೆ) ಹಾಕಿ 3.6ಕ್ಕೆ, ಅಂದರೆ 80 ಮೀಟರ್ ಬ್ಯಾಂಡಿಗೆ ತಂದೆ. ಎಸ್‌ಡಬ್ಲ್ಯೂಆರ್ (ಹೊಂದಾಣಿಕೆಯ ಅಳತೆ, 1 ಬಂದರೆ ಪೂರ್ತಿ ಸರಿ) 1.2. ಆದರೂ ಹಾಸನದ ಗೆಳೆಯರಿಗೇ ನನ್ನ ಸಿಗ್ನಲ್ ಸಿಗುತ್ತಿಲ್ಲ. ಪೂರ್ತಿ ಉದ್ದದ ತಂತಿ ಎಳೆಯಲು ಜಾಗ ಇಲ್ಲ.

ಉತ್ತರ
ನಮಸ್ಕಾರ ಸಾರ್. ಟ್ಯೂನರ್ ಖುಷಿಪಡಿಸುವುದು ನಿಮ್ಮ ರೇಡಿಯೋವನ್ನು ಮಾತ್ರ. ಆ್ಯಂಟೆನಾ ಬುಡದಲ್ಲಿ ಹೊಂದಾಣಿಕೆ ಆಗಿಲ್ಲ. 3.6ಕ್ಕೆ ಬೇಕಾದದ್ದು ಸುಮಾರು 39.7 ಮೀಟರ್ (143 ಅನ್ನು 3.6ರಿಂದ ಭಾಗಿಸಿ). ನಿಮ್ಮದು ಅದರ ಅರ್ಧ. ಹಾಗಾಗಿ ಕೇಬಲ್ ಮೇಲೆ ಎಸ್‌ಡಬ್ಲ್ಯೂಆರ್ ವಿಪರೀತ ಇರುತ್ತದೆ. 100 ವ್ಯಾಟ್ ಬಿಟ್ಟರೂ ಆರ್‌ಜಿ-58ರಲ್ಲೇ ಬಿಸಿಯಾಗಿ ಹೋಗಿ, ಮೇಲೆ ತಲುಪುವುದು ಕೆಲವೇ ವ್ಯಾಟ್.

ಈಗಿರುವ ತಂತಿಯನ್ನು ಮುಟ್ಟಬೇಡಿ. ಎರಡೂ ತುದಿಗೆ ಒಂದೊಂದು ಕಾಯಿಲ್ ಹಾಕಿ, ಅದರಾಚೆ ಸುಮಾರು 1.8 ಮೀಟರ್ ಬಾಲ ಬಿಡಿ. ಕಾಯಿಲ್ 110 ಮೈಕ್ರೋಹೆನ್ರಿ ಇರಲಿ. 50 ಎಂಎಂ ಪಿವಿಸಿ ಪೈಪಿನ ಮೇಲೆ 19 ಗೇಜ್ ಎನಾಮಲ್ ತಂತಿ ಒತ್ತಾಗಿ 62 ಸುತ್ತು ಸುತ್ತಿದರೆ ಅಷ್ಟಾಗುತ್ತದೆ. ತಂತಿ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುತ್ತದೆ. 7 ಮೆಗಾಹರ್ಟ್ಜ್‌ನಲ್ಲಿ ಈ ಕಾಯಿಲ್ ಅಡ್ಡಗೋಡೆ ಥರ, ಆಚೆಯ ಬಾಲ ಲೆಕ್ಕಕ್ಕೇ ಬರುವುದಿಲ್ಲ ಅನ್ನಬಹುದು. 3.6ರಲ್ಲಿ ಇಡೀ ತಂತಿ ಕೆಲಸ ಮಾಡುತ್ತದೆ. ಸ್ವಿಚ್ಚು, ರಿಲೇ ಏನೂ ಬೇಡ.

ಒಂದು ಎಚ್ಚರಿಕೆ. ಬಾಲದ ತುದಿಯಲ್ಲಿ ವೋಲ್ಟೇಜ್ ತುಂಬಾ ಜಾಸ್ತಿ. ಮಕ್ಕಳ ಕೈಗೆ, ಬಟ್ಟೆ ಒಣಗಿಸುವ ತಂತಿಗೆ, ಕರೆಂಟ್ ಲೈನಿಗೆ ಸಿಗದ ಹಾಗೆ ಕಟ್ಟಿ.

ಪ್ರಶ್ನೆ ಕೇಳಿದವರು
ಭಾನುವಾರ ಸುತ್ತಿ ಹಾಕಿದೆ ಸಾರ್. ಟ್ಯೂನರ್ ಬಿಚ್ಚಿ ನ್ಯಾನೋವಿಎನ್‌ಎ (ಆ್ಯಂಟೆನಾ ಅಳೆಯುವ ಪುಟ್ಟ ಉಪಕರಣ) ಹಾಕಿ ನೋಡಿದರೆ ಡಿಪ್ (ಎಸ್‌ಡಬ್ಲ್ಯೂಆರ್ ಅತಿ ಕಮ್ಮಿ ಇರುವ ಜಾಗ) 3.46ರಲ್ಲಿದೆ. 3.6ರಲ್ಲಿ ಎಸ್‌ಡಬ್ಲ್ಯೂಆರ್ 10 ದಾಟುತ್ತದೆ. ಸುತ್ತು ಬಿಚ್ಚಲಾ?

ಉತ್ತರ
ಬೇಡ, ಕಾಯಿಲ್ ಸರಿಯಾಗಿದೆ. ಬಾಲ ಉದ್ದವಾಗಿದೆ, ಅಷ್ಟೇ. ಇಲ್ಲಿ ಎರಡೂ ಕಡೆ 1 ಸೆಂ.ಮೀ. ಕಮ್ಮಿ ಮಾಡಿದರೆ ಸುಮಾರು 9-10 ಕಿಲೋಹರ್ಟ್ಜ್ ಮೇಲೆ ಹೋಗುತ್ತದೆ. ಅಂದರೆ ನಿಮಗೆ 14-15 ಸೆಂ.ಮೀ. ಕಮ್ಮಿ ಮಾಡಿದರೆ ಸಾಕು. ಕತ್ತರಿಸಬೇಡಿ. ತುದಿಯನ್ನು ಹಿಂದಕ್ಕೆ ಮಡಚಿ ಅದೇ ತಂತಿಗೆ ಬಿಗಿಯಾಗಿ ಸುತ್ತಿ. ಮೊದಲು 10 ಸೆಂ.ಮೀ. ಮಡಚಿ, ಮೇಲೆ ಏರಿಸಿ ಅಳೆಯಿರಿ, ಆಮೇಲೆ ಉಳಿದದ್ದು. ಕೆಳಗಿಳಿಸಿ ಅಳೆದರೆ ಲೆಕ್ಕ ತಪ್ಪುತ್ತದೆ, ನೆಲ ಹತ್ತಿರವಾದಷ್ಟೂ ಡಿಪ್ ಕೆಳಗೆ ಜಾರುತ್ತದೆ. ನಾನು ಮೊದಲ ಸಲ ಹಾಗೆ ಅಳೆದು, ಕತ್ತರಿಸಿ, ಮತ್ತೆ ಬೆಸುಗೆ ಹಾಕಬೇಕಾಯಿತು.

ಪ್ರಶ್ನೆ ಕೇಳಿದವರು
14 ಸೆಂ.ಮೀ. ಮಡಚಿದೆ, ಡಿಪ್ 3.6ಕ್ಕೆ ಬಂತು! 7.1 ಒಂಚೂರು ಮೇಲೆ ಹೋಗಿದೆ, ಪರವಾಗಿಲ್ಲ. ಆದರೆ ಎಸ್‌ಡಬ್ಲ್ಯೂಆರ್ 2ರ ಒಳಗೆ ಸಿಗುವುದು 50 ಕಿಲೋಹರ್ಟ್ಜ್ ಮಾತ್ರ. ರಾತ್ರಿ ಹಾಸನದವರು 59 (ಸ್ಪಷ್ಟ, ಜೋರು ಸಿಗ್ನಲ್) ಕೊಟ್ಟರು, ಹುಬ್ಬಳ್ಳಿಯವರೂ ಬಂದರು. ತುಂಬಾ ಖುಷಿಯಾಯಿತು ಸಾರ್.

ಉತ್ತರ
ಬಹಳ ಸಂತೋಷ. ಗಿಡ್ಡ ಆ್ಯಂಟೆನಾದಲ್ಲಿ ಪಟ್ಟಿ ಕಿರಿದಾಗೇ ಇರುತ್ತದೆ. ಅಕ್ಕಪಕ್ಕ ಸ್ವಲ್ಪ ಸರಿಯಲು ಈಗ ಟ್ಯೂನರ್ ಬಳಸಿ, ಆಗ ನಷ್ಟ ಕಮ್ಮಿ. ಮಳೆಗಾಲಕ್ಕೆ ಮುಂಚೆ ಕಾಯಿಲ್ ಮೇಲೆ ವಾರ್ನಿಷ್ ಬಳಿಯಿರಿ. ಪೈಪಿನ ಕೆಳಬಾಯಿ ಮುಚ್ಚಬೇಡಿ, ನೀರು ನಿಂತರೆ ಡಿಪ್ ಮತ್ತೆ ಕೆಳಗೆ ಹೋಗುತ್ತದೆ. 73 (ಶುಭಾಶಯ).