ಒಂದ ವಾರ ಪೂರ್ತಿ ನೀಲ್ ಐಲ್ಯಾಂಡ್‌ನಾಗ ಇದ್ರ ಬ್ಯಾಸರ ಆಗ್ತೈತೇನ್ರಿ? ಈಜು ಬರೂದಿಲ್ಲ, ಸ್ನಾರ್ಕ್ಲಿಂಗ್ ಮಾಡಬೇಕು

ಅಮರಗೋಳದಾಂವ:

ಎಲ್ಲಾರಿಗೂ ನಮಸ್ಕಾರ್ರಿ. ಫೆಬ್ರವರಿ ಒಳಗ ನಾವು ಮೂರು ಮಂದಿ, ನಾ, ನಮ್ಮ ಮನಿಯಾಕಿ, 9 ವರ್ಷದ ಮಗಳು, ಅಂಡಮಾನ್‌ಕ ಹೋಗಬೇಕಂತ ಮಾಡೇವಿ. ಎರಡು ವರ್ಷ ಅಪ್ಪಾಜಿಗೆ ಆರಾಮ ಇರಲಿಲ್ಲ, ದವಾಖಾನಿ ಅಂಗಡಿ ಮನಿ ಇಷ್ಟ ಆಗಿತ್ತು, ಈಗ ಅವ್ರು ಕೋಲ ಹಿಡ್ಕೊಂಡು ಅಡ್ಡಾಡಾಕ ಹತ್ಯಾರ, ನಮ್ಮ ತಂಗಿ ಒಂದ ವಾರ ನಾ ಬಂದು ಇರ್ತೀನಿ ನೀವು ಹೋಗಿ ಬರ್ರಿ ಅಂದಾಳ. ಟ್ರಾವೆಲ್ಸ್‌ದವ್ರನ್ನ ಕೇಳಿದ್ರ 6 ರಾತ್ರಿ 7 ದಿನ, ಮೂರು ದ್ವೀಪ, ಹದಿನಾಕು ಪಾಯಿಂಟ್ ಅಂತ ಪಟ್ಟಿ ಕೊಟ್ರು, ಅದರಾಗ ದಿನಾ ಮುಂಜಾನೆ ಎದ್ದು ಬ್ಯಾಗ ಕಟ್ಟೂದ ಐತಿ. ನಮಗ ಅದು ಬ್ಯಾಡಾಗೇತ್ರಿ. ಸಮುದ್ರದ ದಂಡಿಗೆ ಕುಂದ್ರಬೇಕು, ಸ್ನಾರ್ಕ್ಲಿಂಗ್, ಅಂದ್ರ ಮಾಸ್ಕ್ ಹಾಕ್ಕೊಂಡು ಬಾಯಾಗ ಉಸಿರಿನ ನಳಿಗಿ ಹಿಡದು ತೇಲಕೋತ, ಮಗಳಿಗೆ ನೀರಾಗಿನ ಮೀನ ತೋರಿಸಬೇಕು, ಇಷ್ಟ.

ನೀಲ್ ಐಲ್ಯಾಂಡ್ ಸಣ್ಣದು, ಶಾಂತ ಐತಿ ಅಂತ ಓದೀನಿ. ಅಲ್ಲೇ ಐದು ರಾತ್ರಿ ಇದ್ರ ಹೆಂಗ? ಮೂರೂ ಮಂದಿಗೆ ಈಜು ಬರೂದಿಲ್ಲ. ಇಲ್ಲಾಂದ್ರ ಲಕ್ಷದ್ವೀಪ ಛಲೋ ಆಗ್ತೈತೇನು? ಹೋಗಿ ಬಂದವ್ರು ಇದ್ರ ಸ್ವಲ್ಪ ಹೇಳ್ರಿ.

ಸಾಧನಕೇರಿ ಸಂಜಿ:

ಐದು ರಾತ್ರಿ ನೀಲ್‌ನಾಗೇ ಇರ್ರಿ, ಯೋಚನಿ ಮಾಡಬ್ಯಾಡ್ರಿ. ನಾವು ಹೋದ ವರ್ಷ ಧಾರವಾಡದಿಂದ ಹೋಗಿದ್ವಿ, ನಾಕು ರಾತ್ರಿ ಇದ್ವಿ, ಇನ್ನೂ ಎರಡು ದಿನ ಇರಬೇಕಾಗಿತ್ತು ಅಂತ ಈಗೂ ಅನಸ್ತದ. ಸರ್ಕಾರಿ ಹೆಸರು ಶಹೀದ್ ದ್ವೀಪ್, 2018ರಾಗ ಬದಲಾತು, ನೇತಾಜಿ 1943ರಾಗ ಇಡೀ ಅಂಡಮಾನ್ ನಿಕೋಬಾರಿಗೆ ಇಟ್ಟ ಹೆಸರುಗಳು ಅವು, ಶಹೀದ್ ಮತ್ತ ಸ್ವರಾಜ್. ಸ್ವರಾಜ್ ದ್ವೀಪ್ ಅಂದ್ರ ಬಾಜೂಕಿನ ಹ್ಯಾವ್ಲಾಕ್ ದ್ವೀಪ. ಫೆರಿ ಟಿಕೆಟ್ ಮಾಡ್ಸುವಾಗ ಹಳೇದು ಹೊಸಾದು ಎರಡೂ ಹೆಸರು ನೋಡ್ತೀರಿ, ಗಾಬರಿ ಆಗಬ್ಯಾಡ್ರಿ.

ಊರು ಎಷ್ಟು ಸಣ್ಣದು ಅಂದ್ರ ಜೆಟ್ಟಿಯಿಂದ ಆ ಕಡೆ ಸೀತಾಪುರ ದಂಡಿ ಐದ ಕಿಲೋಮೀಟರ್, ಸೈಕಲ್ ಬಾಡಿಗಿಗೆ ತಗೊಂಡ್ರ ಮುಗೀತು. ಭರತಪುರ, ಲಕ್ಷ್ಮಣಪುರ, ರಾಮನಗರ, ಸೀತಾಪುರ, ಎಲ್ಲಾ ರಾಮಾಯಣದ ಹೆಸರೇ. ಹಳೇ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಮಂದಿ ಅಲ್ಲೆ ಕಾಡು ಕಡದು ಹೊಲ ಮಾಡ್ಯಾರ, ಅಂಡಮಾನಕ್ಕ ಕಾಯಿಪಲ್ಯ ಹೋಗೂದು ಭಾಳಷ್ಟು ಅಲ್ಲಿಂದನೇ. ದಂಡಿಗೆ ಹೋಗೋ ದಾರಿಯಾಗ ಬದನಿ, ಹಾಗಲ, ಬಾಳಿ, ಅಡಕಿ, ನಮ್ಮ ಅಪ್ಪಂಗಂತೂ ಸಮುದ್ರಕ್ಕಿಂತ ಅದೇ ಹೆಚ್ಚು ಇಷ್ಟ ಆತು, ಬದುವಿನ ಮ್ಯಾಲೆ ನಿಂತು ಅರ್ಧ ತಾಸು ಮಾತಾಡಿದ್ರು.

ಈಗ ಮುಖ್ಯ ಮಾತು. ನಾವು ಬಯಲುಸೀಮಿ ಮಂದಿ, ನಮಗ ಉಬ್ಬರ ಇಳಿತದ ಅಂದಾಜ ಇರೂದಿಲ್ಲ. ಮೊದಲ ದಿನ ನಾಷ್ಟಾ ಮಾಡಿ ನಮಗ ಅನುಕೂಲ ಆದ ಟೈಮಿಗೆ ಭರತಪುರಕ್ಕ ಹೋದ್ವಿ, ನೀರು ಇಳದು ಹವಳದ ಕಲ್ಲು ಎಲ್ಲಾ ಮ್ಯಾಲೆ ಎದ್ದಿದ್ವು, ಮೊಣಕಾಲಷ್ಟೂ ನೀರಿಲ್ಲ, ನಾ ಹಂಗೇ ನಡಕೊಂಡು ಹೋಗಿ ಅಂಗಾಲು ಕೊಯ್ಕೊಂಡೆ, ಮೂರು ದಿನ ಉರೀತು. ಅದಕ್ಕಿಂತ ಕೆಟ್ಟ ಅನ್ಸಿದ್ದು ಏನಂದ್ರ ನಾ ತುಳದಿದ್ದು ಕಲ್ಲಲ್ಲ, ಜೀವ ಅದು. ಹವಳ ಅಂದ್ರ ಸಣ್ಣ ಸಣ್ಣ ಪ್ರಾಣಿಗಳು ಕೂಡಿ ಕಟ್ಟಿದ ಮನಿ, ಅವುಗಳ ಮೈಯೊಳಗ ಇರೋ ಪಾಚಿನೇ ಅವಕ್ಕ ಅನ್ನ ಬಣ್ಣ ಎರಡೂ ಕೊಡೂದು. ನೀರು ಹೆಚ್ಚು ಬಿಸಿ ಆದ್ರ ಪಾಚಿ ಹೊರಗ ಹೋಗಿ ಹವಳ ಬೆಳ್ಳಗ ಆಗ್ತದ. 2010ರಾಗ ಅಂಡಮಾನದಾಗ ಭಾಳ ಹವಳ ಹಂಗ ಹೋದ್ವು. ಉಳದದ್ದರ ಮ್ಯಾಲೆ ನಾವು ಕಾಲಿಟ್ರ ಹೆಂಗ್ರಿ.

ಅಲ್ಲೇ ದೋಣಿಯಾಂವ ಒಬ್ಬ ನಕ್ಕೋತ ಹೇಳಿದ, ನೀರು ಏರಿದ ಮ್ಯಾಲೆ ಬರ್ರಿ ಅಂತ. ಮಧ್ಯಾಹ್ನ ಹೋದ್ರ ಅದೇ ಜಾಗಾ ಬ್ಯಾರೆನೇ ಆಗಿತ್ತು. ದಿನಕ್ಕ ಎರಡು ಸಲ ಏರ್ತದ, ಎರಡು ಸಲ ಇಳೀತದ, ದಿನಾ ಸುಮಾರು 50 ನಿಮಿಷ ತಡ ಆಗ್ತದ. ಅಮಾಸಿ ಹುಣ್ಣಿವಿಗೆ ಏರಿಳಿತ ಭಾಳ, ಅಷ್ಟಮಿ ಹತ್ರ ಕಡಿಮಿ. ಮೊಬೈಲಿನಾಗ ಟೈಡ್ ಚಾರ್ಟ್, ಅಂದ್ರ ನೀರು ಏರೋ ಇಳಿಯೋ ಟೈಮಿನ ಪಟ್ಟಿ, ಪುಕ್ಕಟೆ ಸಿಗ್ತದ, ಆದ್ರ ತಾರೀಖು ಗೊತ್ತುಮಾಡ್ಲಿಕ್ಕೆ ನಿಮ್ಮ ಮನಿ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಸಾಕು. ಶುಕ್ಲ ಅಷ್ಟಮಿ ಹತ್ರ ಹೋಗಿ ಇಳೀರಿ, ಮೊದಲ ಎರಡು ಮೂರು ದಿನ ನೀರು ಹೆಚ್ಚು ಎಳಿಯಂಗಿಲ್ಲ, ಸ್ನಾರ್ಕ್ಲಿಂಗ್ ಮುಗಿಸ್ರಿ. ಹುಣ್ಣಿವಿ ಹತ್ರ ಬಂದಂಗ ನೀರು ಭಾಳ ಇಳೀತದ, ಆವಾಗ ಲಕ್ಷ್ಮಣಪುರದ ಎರಡನೇ ದಂಡಿಯಾಗಿನ ಕಲ್ಲಿನ ಕಮಾನು ನೋಡ್ಲಿಕ್ಕೆ ಹೋಗ್ರಿ, ಅದು ಇಳಿತ ಇದ್ದಾಗ ಅಷ್ಟೇ ನಡಕೊಂಡು ಹೋಗಲಿಕ್ಕೆ ಬರ್ತದ, ಕಲ್ಲಿನ ಗುಂಡಿಯೊಳಗ ನಿಂತ ನೀರಾಗ ಸಣ್ಣ ಮೀನ, ಏಡಿ, ಸಮುದ್ರ ಸೌತಿ ಅನ್ನೋ ಮೆತ್ತಗಿನ ಪ್ರಾಣಿ ಕಾಣ್ತಾವ. ಗೈಡ್ ಯಾರರೆ ಅದನ್ನ ಎತ್ತಿ ಮಗಳ ಕೈಯಾಗ ಇಡ್ಲಿಕ್ಕೆ ಬಂದ್ರ ಬ್ಯಾಡ ಅನ್ರಿ.

ಗದಗ ಬೆಟಗೇರಿ ಅಕ್ಕ:

ಅಣ್ಣಾರ, ಈಜು ಬರೂದಿಲ್ಲ ಅಂತ ಚಿಂತಿ ಮಾಡಬ್ಯಾಡ್ರಿ, ನನಗೂ ಬರೂದಿಲ್ಲ. ಲೈಫ್ ಜಾಕೆಟ್ ಹಾಕ್ತಾರ, ಟ್ಯೂಬ್ ಹಿಡ್ಕೊಂಡು ಮುಖ ಕೆಳಗ ಮಾಡಿ ಮಲಗಿದ್ರ ಗೈಡ್ ಎಳಕೊಂಡು ಹೋಗ್ತಾನ. ತ್ರಾಸ ಇರೂದು ಉಸಿರಾಡೂದ್ರಾಗ. ಮೂಗು ಮುಚ್ಚಿ ಬಾಯಿಲೆ ಉಸಿರು ತಗೊಳ್ಳೂದು ನಮಗ ರೂಢಿ ಇಲ್ಲ, ನೀರಾಗ ಮುಖ ಇಟ್ಟ ಕೂಡಲೇ ಎದಿ ಹಿಡದಂಗ ಆಗ್ತೈತಿ, ಬಗಬಗ ಉಸಿರು ಎಳಿತೀವಿ, ಎದ್ದು ಬಿಡ್ತೀವಿ. ನಾ ಮೊದಲ ದಿನ ಎಂಟು ಹತ್ತು ಸಲ ಎದ್ದಿರಬೇಕು, ನನ್ನ ಮಗ ಮಾತ್ರ ಎರಡನೇ ಸಲಕ್ಕ ಕಲ್ತ.

ಅದಕ್ಕ ಮಾಸ್ಕ್ ಸ್ನಾರ್ಕೆಲ್ ಈಗೇ ತರಿಸ್ಕೋರಿ, ಮಗಳಿಗೆ ಮಕ್ಕಳ ಸೈಜಿಂದು. ಮೊದಲ ಮನಿಯಾಗ ಬಕೀಟ್‌ನಾಗ ಮುಖ ಇಟ್ಟು, ಆಮ್ಯಾಲ ಹುಬ್ಬಳ್ಳಿಯೊಳಗ ಯಾವುದರ ಸ್ವಿಮ್ಮಿಂಗ್ ಪೂಲ್‌ನಾಗ ಸೊಂಟದ ಮಟ ನೀರಾಗ ನಿಂತು ದಿನಾ ಹತ್ತು ನಿಮಿಷ. ಮಾಸ್ಕ್ ಸರಿ ಕೂಡ್ತೈತೋ ಇಲ್ಲೋ ನೋಡಾಕ ಪಟ್ಟಿ ಹಾಕದ ಮುಖಕ್ಕ ಒತ್ತಿ ಮೂಗಿಲೆ ಉಸಿರು ಒಳಗ ಎಳೀರಿ, ಕೈ ಬಿಟ್ರೂ ಬೀಳಬಾರದು. ಮೀಸಿ ಇದ್ರ ನೀರು ಒಳಗ ಬರ್ತೈತಿ, ನಮ್ಮ ಮನಿಯವ್ರು ಮೀಸಿಗೆ ವ್ಯಾಸಲಿನ್ ಹಚ್ಚಿದ್ರು, ಭಾಳ ಕಡಿಮಿ ಆತು. ಗಾಜಿಗೆ ಒಳಗಿಂದ ಬೇಬಿ ಶಾಂಪೂ ಒಂದ ಹನಿ ಸವರಿ ತೊಳದ್ರ ಮಂಜ ಹಿಡಿಯಂಗಿಲ್ಲ. ಚಸ್ಮಾ ಇದ್ದವ್ರಿಗೆ ನಂಬರಿನ ಮಾಸ್ಕ್ ಸಿಗ್ತಾವ, ನಾ ಚಸ್ಮಾ ಇಲ್ಲದ ಹೋಗಿ ಮೊದಲ ದಿನ ಬರೇ ಬಣ್ಣ ನೋಡೀನಿ. ಎರಡನೇ ದಿನ ನಂಬರಿಂದು ಸಿಕ್ತು ನೋಡ್ರಿ, ಹಸರ ನೀಲಿ ಪ್ಯಾರಟ್ ಫಿಶ್ ಹವಳ ಕಡಿಯೂದು ಕಂಡಿದ್ದಷ್ಟ ಅಲ್ಲ, ಕಟಕಟ ಅಂತ ನೀರಾಗ ಕೇಳಿಸ್ತು! ಅದು ತಿಂದು ಹೊರಗ ಬಿಟ್ಟಿದ್ದ ಆ ಬಿಳಿ ಉಸುಕು ಆಗ್ತೈತಂತ. ಈಗೂ ಕಣ್ಣು ಮುಚ್ಚಿದ್ರ ಆ ಸಪ್ಪಳ ಬರ್ತೈತಿ.

ಬೆನ್ನು ಮರೀಬ್ಯಾಡ್ರಿ. ನೀರಿನ ಮ್ಯಾಲ ತೇಲೂವಾಗ ಬಿಸಲು ಗೊತ್ತಾಗೂದಿಲ್ಲ, ಸಂಜಿಕ ಬೆನ್ನು ಕೆಂಪಗ ಸುಟ್ಟಿರ್ತೈತಿ. ಸನ್‌ಸ್ಕ್ರೀನ್ ಬಳಕೊಳ್ಳೂದ್ಕಿಂತ ತುಂಬು ತೋಳಿನ ಈಜಿನ ಅಂಗಿ ಛಲೋ, ಸನ್‌ಸ್ಕ್ರೀನ್‌ನಾಗಿನ ಕೆಲವು ಕೆಮಿಕಲ್ ಹವಳಕ್ಕೂ ಕೆಟ್ಟದ್ದು.

ಹಾವೇರಿ ಯಾಲಕ್ಕಿ:

ಲಕ್ಷದ್ವೀಪಕ್ಕ ಪರ್ಮಿಟ್ ಬೇಕ್ರಿ, ನಮ್ಮ ದೇಶದವ್ರಿಗೂ ಬೇಕು. ಮಂದಿ ಇರೋ ದ್ವೀಪ 10 ಅಷ್ಟ, ಇಳ್ಕೊಳ್ಳಾಕ ಜಾಗಾ ಕಡಿಮಿ. ಲಗೂನ್ ನೀರು, ಅಂದ್ರ ಹವಳದ ದಿಬ್ಬದ ಒಳಗಿನ ಶಾಂತ ನೀರು, ಮಾತ್ರ ಅಗದಿ ತಿಳಿ, ಮಕ್ಕಳಿಗೆ ಹೇಳಿ ಮಾಡಿಸಿದಂಗ ಐತಿ, ಅಗತ್ತಿ ದ್ವೀಪದೊಳಗ ನಾ ನೋಡೀನಿ. ಅಂದಂಗ ಕದ್ಮತ್, ಅಮಿನಿ ಕಡೆ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲಾಕ್ಕ ಸೇರಿದ್ವು, ಮಂಗಳೂರಿಂದ ಆಡಳಿತ ನಡೀತಿತ್ತು, ನಮ್ಮ ಮಂದಿಗೆ ಇದು ಗೊತ್ತ ಇಲ್ಲ. ಫೆಬ್ರವರಿಗೆ ಇನ್ನ ಟೈಮ್ ಕಡಿಮಿ ಐತಿ, ಈ ಸಲ ನೀಲ್ ಮಾಡ್ರಿ.

ಅಮರಗೋಳದಾಂವ:

ಭಾಳ ಉಪಕಾರ ಆತ್ರಿ ಎಲ್ಲಾರದೂ. ಅಕ್ಕಾರ, ಬಕೀಟಿನ ಮಾತು ಮಗಳಿಗೆ ಹೇಳಿದ್ದ ತಡ, ಮಾಸ್ಕ್ ಯಾವಾಗ ಬರ್ತೈತಿ ಅಂತ ಬೆನ್ನ ಹತ್ಯಾಳ. ಎರಡ ಪ್ರಶ್ನೆ ಉಳದಾವ. ನಾವು ಶಾಕಾಹಾರಿ, ಊಟದ್ದು ಹೆಂಗ? ಮತ್ತ ಹೋಗಿ ಬರೂದ್ರಾಗ ಎಷ್ಟು ದಿನ ಹಾಳಾಗ್ತಾವ?

ಸಾಧನಕೇರಿ ಸಂಜಿ:

ಅನ್ನ, ಬ್ಯಾಳಿ, ಪಲ್ಯ, ಚಪಾತಿ ಎಲ್ಲಾ ಕಡೆ ಮಾಡಿ ಕೊಡ್ತಾರ, ಸಾಸಿವಿ ಎಣ್ಣಿ ಒಗ್ಗದಿದ್ರ ಮೊದಲೇ ಹೇಳ್ರಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಕೊಂಡು ಹೋಗ್ರಿ. ನಾವು ಸಂಜಿಕ ದಂಡಿ ಮ್ಯಾಲೆ ಅದನ್ನೇ ತಿಂದ್ವಿ, ಬಾಜೂಕ ಕೂತ ಬಂಗಾಳಿ ಅಜ್ಜಿಗೂ ಕೊಟ್ವಿ.

ರಾತ್ರಿ ಟ್ರೇನಿಗೆ ಬೆಂಗಳೂರು, ಅಲ್ಲಿಂದ ಪೋರ್ಟ್ ಬ್ಲೇರ್ ವಿಮಾನ, ಎರಡೂವರಿ ತಾಸಿನ ಮ್ಯಾಲೆ ಸ್ವಲ್ಪ. ಆ ಊರಿಗೆ 2024ರಿಂದ ಶ್ರೀ ವಿಜಯಪುರಂ ಅಂತ ಹೆಸರು. ಅಲ್ಲಿಂದ ಖಾಸಗಿ ಫೆರಿಯಾಗ ನೀಲ್‌ಗೆ ಸುಮಾರು ಒಂದೂವರಿ ತಾಸು, ಸರ್ಕಾರಿದು ಸ್ವಲ್ಪ ತಡ ಆದ್ರೂ ಸೋವಿ. ವಾಪಸ್ ಬರೋ ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಾಗೇ ಇರ್ರಿ, ಸಮುದ್ರ ಎದ್ರ ಫೆರಿ ನಿಲ್ಲಸ್ತಾರ. ರೊಕ್ಕ ಕೈಯಾಗ ಇಟ್ಕೋರಿ.

ಇನ್ನೊಂದು. ಗಡಿಯಾರ ನಮ್ಮದೇ ಆದ್ರೂ ಊರು ಭಾಳ ಪೂರ್ವಕ್ಕ ಅದ, ಸಂಜಿ ಐದೂವರಿ ಅನ್ನೂದ್ರಾಗ ಹೊತ್ತು ಮುಳುಗ್ತದ. ಲಕ್ಷ್ಮಣಪುರದ ಮೊದಲನೇ ದಂಡಿಗೆ ನಾಕೂವರಿಗೇ ಹೋಗಿ ಕೂಡ್ರಿ. ಮೊಸಳಿ ಬೋರ್ಡ್ ಇದ್ದಲ್ಲೆ ಮಾತ್ರ ನೀರಿಗೆ ಇಳೀಬ್ಯಾಡ್ರಿ, ಉಪ್ಪುನೀರಿನ ಮೊಸಳಿ ಅಂಡಮಾನದಾಗ ಅವ.

ಗದಗ ಬೆಟಗೇರಿ ಅಕ್ಕ:

ಮಗಳಿಗೆ ಮೊದಲೇ ಹೇಳಿಡ್ರಿ, ಹವಳದ ತುಂಡು, ಚಿಪ್ಪು ಆರಿಸ್ಕೊಂಡು ಬರೂದಲ್ಲ ಅಂತ. 1972ರ ವನ್ಯಜೀವಿ ಕಾಯ್ದೆ ಒಳಗ ಹವಳಕ್ಕ ರಕ್ಷಣಿ ಐತಿ, ಏರ್‌ಪೋರ್ಟಿನಾಗ ಬ್ಯಾಗ ನೋಡಿ ತಗಸ್ತಾರ. ನನ್ನ ಮಗ ಅಲ್ಲೆ ಅತ್ತುಬಿಟ್ಟ. ಅದಕ್ಕ ಬದಲಿ ಒಂದ ವಹಿ ಕೊಡ್ರಿ, ನೋಡಿದ ಮೀನ ಎಲ್ಲಾ ಸಂಜಿಕ ಕುಂತು ಚಿತ್ರ ತಗೀಲಿ.

ಅಮರಗೋಳದಾಂವ:

ಈಗಷ್ಟ ಕ್ಯಾಲೆಂಡರ್ ಇಳಿಸಿ ಅಪ್ಪಾಜಿ ಮುಂದ ಇಟ್ಟಿದ್ದೆ, ಅವ್ರ ಬೆರಳಿಟ್ಟು ಅಷ್ಟಮಿ ತೋರಿಸಿದ್ರು. ಅದರ ಹಿಂದಿನ ದಿನದ ಟ್ರೇನ್ ನೋಡಾಕ ಹತ್ತೀನಿ. ಟ್ರಾವೆಲ್ಸ್‌ದವ್ರಿಗೆ ಬ್ಯಾಡ ಅಂತ ಹೇಳಿದೆ.