ದೇವಕಣಗಿಲೆ: ಕಡ್ಡಿ ಕೊಳೆಯುತ್ತಿದೆ, ನೆಲದ ಗಿಡದಲ್ಲಿ ಹೂವಿಲ್ಲ

ಅಂಗಳದ ಮಣ್ಣು: ಊರು ದಾವಣಗೆರೆ. ಜುಲೈನಲ್ಲಿ ಕುಂಡಕ್ಕೆ ನೆಟ್ಟ ಕೆಂಪು ದೇವಕಣಗಿಲೆ ಕಡ್ಡಿಯ ಬುಡ ಕಪ್ಪಾಗಿದೆ, ಒತ್ತಿದರೆ ಮೆತ್ತಗೆ. ಮಣ್ಣು ಅರ್ಧ, ತಿಪ್ಪೆಗೊಬ್ಬರ ಅರ್ಧ. ದಿನ ಬಿಟ್ಟು ದಿನ ನೀರು. ನೆಲದಲ್ಲಿರುವ ಇನ್ನೊಂದು ಗಿಡ ಆಳೆತ್ತರ ಇದೆ, ಎಲೆ ದಂಡಿಯಾಗಿದೆ, ಹೂವು ಮಾತ್ರ ಇಲ್ಲ. ಎಲೆಯಡಿ ಕಿತ್ತಳೆ ಪುಡಿ ಬೇರೆ. ಕಡ್ಡಿ ಉಳಿಯುತ್ತಾ?

ಕುಂಡಪ್ರಿಯ: ಉಳಿಯಬಹುದು, ಆದರೆ ಇವತ್ತೇ ಕೀಳಿ. ಬುಡದಿಂದ ಒಂದೊಂದೇ ಇಂಚು ಕತ್ತರಿಸುತ್ತ ಬನ್ನಿ, ಪ್ರತಿ ಸಲ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಕತ್ತರಿಸಿದ ಮುಖ ಪೂರ್ತಿ ಬೆಳ್ಳಗಿದ್ದು ಹಾಲು ಒಸರಬೇಕು. ನಡುವೆ ಕಂದು ಚುಕ್ಕೆ ಕಂಡರೂ ಇನ್ನೊಂದು ಇಂಚು ತೆಗೆಯಿರಿ, ಕೊಳೆ ತಿರುಳಿನೊಳಗೇ ಮೇಲೇರುತ್ತದೆ. ಒಂದಡಿ ಗಟ್ಟಿ ಕಡ್ಡಿ ಉಳಿದರೆ ಸಾಕು. ಎಲೆ ಕಿತ್ತು, ಮಳೆ ತಾಗದ ನೆರಳಲ್ಲಿ 10–15 ದಿನ ಬಿಡಿ. ಗಾಯ ಹಕ್ಕಳೆಗಟ್ಟುವ ಮೊದಲು ನೆಟ್ಟರೆ ಮತ್ತೆ ಇದೇ ಕಥೆ. ಸಿಪ್ಪೆ ಸುಕ್ಕಾದರೆ ಹೆದರಬೇಡಿ.

8 ಇಂಚಿನ ಕುಂಡಕ್ಕೆ ಎರಡು ಪಾಲು ದಪ್ಪ ಮರಳು, ಒಂದು ಪಾಲು ಕೆಂಪುಮಣ್ಣು. ಗೊಬ್ಬರ ಬೇಡವೇ ಬೇಡ. 3 ಇಂಚು ಆಳ ನೆಟ್ಟು ಗೂಟಕ್ಕೆ ಕಟ್ಟಿ. ಅಲುಗಾಡಿದರೆ ಎಳೆ ಬೇರು ಮುರಿಯುತ್ತದೆ. ನೆಟ್ಟಾಗ ಒಮ್ಮೆ ನೀರು, ಆಮೇಲೆ ಮರಳು ಪೂರ್ತಿ ಒಣಗಿದಾಗ ಸ್ವಲ್ಪ. ಚಿಗುರು ಕಂಡಿತೆಂದು ಬಕೆಟ್ ಎತ್ತಬೇಡಿ: ಮೊದಲ ಎಲೆಗಳು ಕಾಂಡದಲ್ಲಿರುವ ನೀರಿನಿಂದಲೇ ಬರುತ್ತವೆ, ಬೇರು ಇನ್ನೂ ಇರುವುದಿಲ್ಲ. ಎರಡು ಮೂರು ಎಲೆ ಅಂಗೈಯಷ್ಟಾಗಲಿ. ಮುಂದಿನ ಸಲ ಫೆಬ್ರವರಿ–ಮಾರ್ಚ್‌ನಲ್ಲಿ ನೆಡಿ. ಮಳೆಗಾಲದಲ್ಲಿ ಯಾವ ಕಡ್ಡಿಯಾದರೂ ಹತ್ತುತ್ತೆ ಅನ್ನೋ ಲೆಕ್ಕ ಇದಕ್ಕೆ ಹೊಂದಲ್ಲ.

ಹೂದಂಡೆ: ನೆಲದ ಗಿಡಕ್ಕೆ ಬಿಸಿಲು ಎಷ್ಟು ಹೊತ್ತು? ಸವರುತ್ತೀರಾ?

ಅಂಗಳದ ಮಣ್ಣು: ಬೆಳಗ್ಗೆ ಎರಡು ತಾಸು, ಆಮೇಲೆ ಮಾವಿನ ನೆರಳು. ಗೇಟಿಗೆ ಅಡ್ಡ ಅಂತ ಪ್ರತಿ ಜೂನ್‌ನಲ್ಲಿ ತುದಿ ಸವರ್ತೀವಿ. ಯೂರಿಯಾನೂ ಹಾಕ್ತೀವಿ.

ಹೂದಂಡೆ: ಮೂರೂ ತಪ್ಪು ಒಂದೇ ಗಿಡಕ್ಕೆ! ಹೂಗೊಂಚಲು ಕೊಂಬೆಯ ತುದಿಯಲ್ಲಷ್ಟೇ ಬರುವುದು, ಜೂನ್‌ನಲ್ಲಿ ನೀವು ಸವರಿದ್ದು ಹೂವನ್ನೇ. ತೀರಾ ಅಡ್ಡವಿರುವ ಕೊಂಬೆಯನ್ನು ಎಲೆ ಉದುರಿದ ಜನವರಿಯಲ್ಲಿ ತೆಗೆಯಿರಿ. ಹಾಗೆ ಕತ್ತರಿಸಿದ ಕೊಂಬೆ ಆ ವರ್ಷ ಬಹುಶಃ ಹೂ ಕೊಡದು, ಉಳಿದವು ಕೊಡುತ್ತವೆ. ಮಾವಿನ ಕೆಳಗೊಂಬೆ ತೆಗೆಸಿ ದಿನಕ್ಕೆ 6 ತಾಸು ಬಿಸಿಲು ಬೀಳುವಂತೆ ಮಾಡಿ. ಯೂರಿಯಾ ನಿಲ್ಲಿಸಿ, ಅದು ಎಲೆಗಷ್ಟೇ. ಮೂಳೆಪುಡಿ ಹಾಕಿ ಅಂತ ಎಲ್ಲರೂ ಹೇಳ್ತಾರೆ. ಸುಣ್ಣದಂಶದ ಎರೆಮಣ್ಣಾದರೆ ಅದು ಕರಗುವುದೇ ಕಷ್ಟ, ದುಡ್ಡು ದಂಡ.

ಎಲೆವೈದ್ಯ: ಕಿತ್ತಳೆ ಪುಡಿ ತುಕ್ಕು ರೋಗದ್ದು. ಹೆಚ್ಚು ಹತ್ತಿದ ಎಲೆ ಕಿತ್ತು, ಬುಡದಲ್ಲಿ ಉದುರಿದ್ದನ್ನೂ ಗುಡಿಸಿ ಸುಡಿ. ಗೊಬ್ಬರದ ಗುಂಡಿಗೆ ಬೇಡ. ಮ್ಯಾಂಕೋಜೆಬ್ (ಶಿಲೀಂಧ್ರನಾಶಕ ಪುಡಿ) ಲೀಟರ್ ನೀರಿಗೆ 2 ಗ್ರಾಂ, ಎಲೆಯ *ಅಡಿಭಾಗಕ್ಕೆ* ತಾಗುವಂತೆ ಸಿಂಪಡಿಸಿ, 15 ದಿನಕ್ಕೆ ಇನ್ನೊಮ್ಮೆ. ನವೆಂಬರ್ ದಾಟಿದ್ದರೆ ಔಷಧಿ ಬೇಡ, ಎಲೆ ಹೇಗೂ ಉದುರುತ್ತದೆ. ಕತ್ತರಿಸುವಾಗ ಕೈಗವಸು ಇರಲಿ, ಹಾಲು ಕಣ್ಣಿಗೆ ಹಾರಿದರೆ ವಿಪರೀತ ಉರಿ.