ಕ್ಯಾಂಡಿ ಆ್ಯಪಲ್ ಮನೇಲಿ ಮಾಡಿರೋರು ಅನುಭವ ಹಂಚ್ಕೊಳ್ಳಿ ಪ್ಲೀಸ್

ಎಡಿಸನ್_ಅಕ್ಕ:
ನಾವಿರೋದು ನ್ಯೂಜೆರ್ಸಿಲಿ. ಹ್ಯಾಲೊವೀನ್ ಮುಗಿದ ಮಾರನೇ ದಿನಾನೇ ನವೆಂಬರ್ 1, ಕನ್ನಡ ಕೂಟದಲ್ಲಿ ರಾಜ್ಯೋತ್ಸವ. ಮಕ್ಕಳ ಸ್ಟಾಲ್‌ಗೆ 40 ಕ್ಯಾಂಡಿ ಆ್ಯಪಲ್ (ಕಡ್ಡಿ ಚುಚ್ಚಿದ ಸೇಬನ್ನ ಬಿಸಿ ಸಕ್ಕರೆ ಪಾಕದಲ್ಲಿ ಅದ್ದಿ ಗಟ್ಟಿ ಮಾಡೋದು) ಮಾಡ್ಕೊಡ್ತೀನಿ ಅಂತ ಒಪ್ಕೊಂಡಿದೀನಿ, ಮೇಲೆ ಹಳದಿ ಕೆಳಗೆ ಕೆಂಪು ಬರ್ಬೇಕಂತೆ. ಕಾರ್ನ್ ಸಿರಪ್ (ಮೆಕ್ಕೆಜೋಳದ ದಪ್ಪ ಸಿಹಿ ಪಾಕ) ಇಲ್ದೆ ಆಗುತ್ತಾ? ಹಿಂದಿನ ರಾತ್ರಿ ಮಾಡಿಟ್ರೆ ಬೆಳಗ್ಗೆವರೆಗೂ ಗಟ್ಟಿ ಇರುತ್ತಾ? ನಮ್ಮನೇಲಿರೋದು ಎಲೆಕ್ಟ್ರಿಕ್ ಕಾಯಿಲ್ ಸ್ಟವ್. ಮಾಡಿರೋರು ಹೇಳಿ.

ಒಗ್ಗರಣೆ_ಡಬ್ಬಿ:
ಒಂದು ವರ್ಷ ಅತ್ತೆ ಇಲ್ಲಿದ್ರು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕೋದ್ರಲ್ಲಿ ಎತ್ತಿದ ಕೈ ಅವ್ರದ್ದು, ಇದೂ ಪಾಕ ತಾನೆ ಸರಿ ಆಕಡೆ ಅಂತ ಸೌಟು ಹಿಡ್ಕೊಂಡು ನಿಂತೇಬಿಟ್ರು. ತಿರುವ್ಬಾರ್ದು ಅತ್ತೆ ಅಂದೆ. ತಿರುವ್ದೆ ಎಲ್ಲಾದ್ರೂ ಪಾಕ ಬರುತ್ತೇನೇ ಅಂದ್ರು. ಅಚ್ಚಿಗೆ ಅದು ಸರಿನೇ, ಅಲ್ಲಿ ತಿರುವಿ ತಿರುವಿ ಪಾಕ ಬೆಳ್ಳಗೆ ಕದಡಿದ್ರೇನೇ ಅಚ್ಚಲ್ಲಿ ಕೂರೋದು, ಹರಳುಗಟ್ಟೋದೇ ಬೇಕಾಗಿರೋದು. ಇಲ್ಲಿ ಪೂರ್ತಿ ಉಲ್ಟಾ, ಹರಳು ಹುಟ್ಟಲೇಬಾರ್ದು, ಸಕ್ಕರೆ ಕರಗಿದ್ಮೇಲೆ ಸೌಟು ಮುಟ್ಟಿಸೋ ಹಾಗಿಲ್ಲ, ಪಾತ್ರೆ ಅಂಚಿಗೆ ಅಂಟಿರೋ ಸಕ್ಕರೇನೂ ಒದ್ದೆ ಬ್ರಷ್‌ನಲ್ಲಿ ಒರೆಸ್ತಾ ಇರ್ಬೇಕು. ಕಾರ್ನ್ ಸಿರಪ್ ಬಾಟ್ಲು ತೆಗೆದಿಟ್ಟಿದ್ದೆ, ಇದೇನು ಗೋಂದು ಇದ್ದಂಗಿದೆ ಅಂತ ಪಕ್ಕಕ್ಕೆ ತಳ್ಳಿದ್ರು. ನೋಡ್ತಾ ನೋಡ್ತಾ ಇಡೀ ಪಾತ್ರೆ ಮರಳು ಮರಳಾಯ್ತು. 4 ಪೌಂಡ್ ಸಕ್ಕರೆ, ಕೆಂಪು ಜೆಲ್ ಕಲರ್ ಎರಡು ಟ್ಯೂಬು, ಎಲ್ಲಾ ಗುಲಾಬಿ ಪುಡಿ. ಹಣ್ಣಿಗೇ 38 ಡಾಲರ್ ಕೊಟ್ಟಿದ್ದೆ, ಗ್ರ್ಯಾನಿ ಸ್ಮಿತ್ ಅನ್ನೋ ಹಸಿರು ಹುಳಿ ಸೇಬು, ಒಂದೊಂದಾಗಿ ಆರಿಸಿ ತಂದಿದ್ದು. ಅಷ್ಟಕ್ಕೂ ಕಡ್ಡಿ ಚುಚ್ಚಿ ಆಗಿತ್ತು, ವಾಪಸ್ ಕೊಡೋ ಹಾಗೂ ಇಲ್ಲ. ಹದಿನೈದು ದಿನ ಸೇಬಿನ ಗೊಜ್ಜು ತಿಂದ್ವಿ. ಅತ್ತೆ ಇವತ್ತಿಗೂ ಸಕ್ಕರೇನೇ ಸರಿ ಇರ್ಲಿಲ್ಲ ಅಂತಾರೆ. ಕಾರ್ನ್ ಸಿರಪ್ ಬೇಡ ಅಂದ್ರೆ ನಿಂಬೆರಸನೋ ವಿನೆಗರೋ ಒಂದು ಚಮಚ ಬೀಳ್ಲೇಬೇಕು, ಹುಳಿ ಬಿದ್ರೆ ಸಕ್ಕರೆ ಒಂಚೂರು ಒಡೆದು ಹರಳಾಗೋದು ತಪ್ಪುತ್ತೆ.

ಡೆನ್ವರ್_ಕಾಕಾ:
ಎಲ್ಲಾರೂ ಪಾಕಕ್ಕ 300 ಡಿಗ್ರಿ ಫ್ಯಾರನ್‌ಹೀಟ್ 300 ಡಿಗ್ರಿ ಅಂತಾರ, ಎಲ್ಲಿ ಕುಂತು ಹೇಳ್ತಾರ ಅಂತ ಯಾರೂ ಕೇಳಂಗಿಲ್ಲ ನೋಡ್ರಿ. ನಾವು ಇರೋದು ಸಮುದ್ರಮಟ್ಟದಿಂದ 5280 ಅಡಿ ಮ್ಯಾಲ. ಇಲ್ಲಿ ನೀರು ಕುದಿಯೋದ 202ಕ್ಕ, 212ಕ್ಕ ಅಲ್ಲ. ಅಂದ್ರ ಪಾಕನೂ 290ಕ್ಕ ತಯಾರ್ ಆಗಿರ್ತದ. 300 ತೋರಿಸೋ ತನಕ ಕಾದ್ರ ಬಣ್ಣ ಕೆಟ್ಟು, ಕಮಟು ವಾಸನಿ ಹೊಡದು, ಕಡದ್ರ ಕಹಿ. ಎರಡು ಥರ್ಮಾಮೀಟರ್ ಕೆಟ್ಟಾವ ಅಂತ ತಿಪ್ಪಿಗೆ ಒಗದ್ವಿ, ಒಂದು 14 ಡಾಲರ್ದು, ಇನ್ನೊಂದು 27. ಅವು ಎರಡೂ ಸರಿ ಇದ್ವು! ರೆಸಿಪಿ ಬರದಾಕಿ ಎತ್ತರದ ಬಗ್ಗೆ ಒಂದು ಸಾಲು ಬರದಿದ್ರ ನನ್ನ 41 ಡಾಲರ್ ಉಳೀತಿತ್ತು. ಆಕಿಗೆ ಕಮೆಂಟ್ ಹಾಕಿದೆ, ಹಾರ್ಟ್ ಕೊಟ್ಟು ಸುಮ್ಮನಾದ್ಲು.

ಲೆಸ್ಟರ್_ಮಳೆ:
ಥರ್ಮಾಮೀಟರ್ ಯಾಕೆ ಬೇಕು ಅಂತೀನಿ? ನಾವಿಲ್ಲಿ ಇಂಗ್ಲೆಂಡಲ್ಲಿ ಪ್ರತಿ ವರ್ಷ ನವೆಂಬರ್ 5ಕ್ಕೆ ಟಾಫಿ ಆ್ಯಪಲ್ ಮಾಡ್ತೀವಿ, ಇಲ್ಲಿ ಇದಕ್ಕೆ ಹಾಗನ್ನೋದು. 1605ರಲ್ಲಿ ಪಾರ್ಲಿಮೆಂಟ್ ಉಡಾಯಿಸೋಕೆ ಹೋಗಿ ಗೈ ಫಾಕ್ಸ್ ಸಿಕ್ಕಿಬಿದ್ದ ದಿನ, ಊರೆಲ್ಲಾ ಬೆಂಕಿ ಹಾಕಿ ಪಟಾಕಿ ಹೊಡೀತಾರೆ. ಒಂದು ಬಟ್ಟಲು ತಣ್ಣೀರು ಇಟ್ಕೊಳ್ಳಿ, ಒಂದು ಹನಿ ಪಾಕ ಬಿಡಿ, ಎತ್ತಿ ಮುರೀರಿ. ಬಗ್ಗಿದ್ರೆ ಇನ್ನೂ ಆಗಿಲ್ಲ, ಟಕ್ ಅಂತ ಮುರಿದ್ರೆ ಆಯ್ತು. ನಮ್ಮಜ್ಜಿ ಎಳೆ ಪಾಕ ಬೆರಳಲ್ಲೇ ನೋಡ್ತಿದ್ರು, ಅವ್ರ ಹತ್ರ ಯಾವ ಮೀಟರ್ ಇತ್ತು? ಸಕ್ಕರೆಗೆ ಗೋಲ್ಡನ್ ಸಿರಪ್, ಒಂದು ಚಮಚ ಮಾಲ್ಟ್ ವಿನೆಗರ್, ಅಷ್ಟೇ. ಬಣ್ಣ ಗಿಣ್ಣ ಏನೂ ಬೇಡ, ಅದರದ್ದೇ ಚಿನ್ನದ ಬಣ್ಣ ಬರುತ್ತೆ. ನಂದು ಒಂದ್ಸಲಾನೂ ಕೆಟ್ಟಿಲ್ಲ.

ಡೆನ್ವರ್_ಕಾಕಾ:
ಒಂದ್ಸಲಾನೂ ಕೆಟ್ಟಿಲ್ಲಂತ. ನಿಮ್ಮ ಮನಿ ಸಮುದ್ರಮಟ್ಟದಾಗ ಐತಿ ಅಂತ ಕೆಟ್ಟಿಲ್ಲ.

ಲೆಸ್ಟರ್_ಮಳೆ:
ತಣ್ಣೀರಿನ ಪರೀಕ್ಷೆಗೆ ಎತ್ತರ ತಗ್ಗು ಇಲ್ಲ ಸ್ವಾಮಿ, ಅದನ್ನೇ ಹೇಳಿದ್ದು. ಓದ್ದೆ ಜಗಳಕ್ಕೆ ಬರ್ಬೇಡಿ.

ಡೆನ್ವರ್_ಕಾಕಾ:
ನೀವು ಹನಿ ಬಿಟ್ಟು, ಎತ್ತಿ, ಮುರದು, ವಿಚಾರ ಮಾಡೂದ್ರಾಗ ಒಲಿ ಮ್ಯಾಲಿನ ಪಾಕ ಎಲ್ಲಿಗೆ ಹೋಗಿರ್ತದ? ಕಡೀಕ 10 ಡಿಗ್ರಿ ಏರೂದು ಗೊತ್ತ ಆಗಂಗಿಲ್ಲ.

ಮಾಗಡಿರೋಡ್_ಮಮ್ಮಿ:
ಅಮೆರಿಕಾ ಇಂಗ್ಲೆಂಡು ಬಿಡಿ, ಬೆಂಗ್ಳೂರಲ್ಲಿ ಮಾಡಿ ತೋರ್ಸಿ ಆಮೇಲೆ ಮಾತಾಡಿ. ನಾವೂ ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೀವಿ, ನೀರು 97 ಸೆಂಟಿಗ್ರೇಡ್‌ಗೇ ಕುದಿಯುತ್ತೆ, ಕಾಕಾ ಹೇಳಿದ್ದು ನೂರಕ್ಕೆ ನೂರು ನಿಜ, ನಾನು 147 ಸೆಂಟಿಗ್ರೇಡ್‌ಗೇ ಇಳಿಸೋದು. ಆದ್ರೆ ಅದಲ್ಲ ತೊಂದ್ರೆ, ಹಣ್ಣಿಂದು ತೊಂದ್ರೆ. ಅಪಾರ್ಟ್‌ಮೆಂಟ್ ಮಕ್ಕಳ ಹ್ಯಾಲೊವೀನ್‌ಗೆ ಅಂತ ವಾಷಿಂಗ್ಟನ್ ಆ್ಯಪಲ್ ತಂದೆ, ಕೆಜಿಗೆ 260. ಮೈ ತುಂಬಾ ಮೇಣ. ಪಾಕದಲ್ಲಿ ಅದ್ದಿ ಎತ್ತಿ ಇಟ್ಟೆ, ಚೆನ್ನಾಗೇ ಕಾಣ್ತಿತ್ತು, ಅರ್ಧ ಗಂಟೆಗೆ ಕೋಟು ಕಳಚಿದ ಹಾಗೆ ಪಾಕ ಪೂರ್ತಿ ಕೆಳಗೆ ಜಾರಿ ತಟ್ಟೇಲಿ ಕೂತಿದೆ, ಹಣ್ಣು ಬೋಳು. ಕುದಿಯೋ ನೀರಲ್ಲಿ ಹತ್ತು ಹದಿನೈದು ಸೆಕೆಂಡ್ ಅದ್ದಿ ಒರಟು ಬಟ್ಟೇಲಿ ಉಜ್ಜಿದ್ರೆ ಮೇಣ ಹೋಗುತ್ತೆ, ಬಟ್ಟೆ ಮೇಲೆ ಬೆಳ್ಳಗೆ ಕಾಣುತ್ತೆ ನೋಡಿ. ಉಜ್ಜಿದ್ಮೇಲೆ ಒಣಗ್ಬೇಕು, ತೊಟ್ಟಿನ ಗುಳೀಲಿ ಒಂದು ಹನಿ ನೀರಿದ್ರೂ ಪಾಕ ಚಟ್ ಅಂತ ಸಿಡಿದು ಗುಳ್ಳೆ ಏಳುತ್ತೆ. ಫ್ರಿಜ್‌ನಿಂದ ತೆಗೆದ ಹಣ್ಣಾದ್ರೆ ಮೊದ್ಲು ಹೊರಗಿಡಿ, ಇಲ್ಲಾಂದ್ರೆ ಬೆವರುತ್ತೆ. ಕಾರ್ನ್ ಸಿರಪ್ ಇಲ್ಲಿ ಆನ್‌ಲೈನ್‌ನಲ್ಲಿ ಬಂಗಾರದ ರೇಟು, ಕೇಕ್ ಸಾಮಾನಿನ ಅಂಗಡೀಲಿ ಲಿಕ್ವಿಡ್ ಗ್ಲುಕೋಸ್ ಸಿಗುತ್ತೆ, ಅದೇ ಕೆಲ್ಸ ಮಾಡುತ್ತೆ. ಮತ್ತೆ ಮಳೆ. ಅಕ್ಟೋಬರ್‌ನಲ್ಲಿ ಸಂಜೆ ನಾಲ್ಕಕ್ಕೆ ಶುರುವಾದ್ರೆ ಮುಗೀತು, ಗಾಳೀಲಿರೋ ತೇವಾನೆಲ್ಲಾ ಸಕ್ಕರೆ ಎಳ್ಕೊಂಡು ಮೂರು ಗಂಟೇಲಿ ಅಂಟಂಟು. ಮಕ್ಕಳ ಕೈ, ಕರ್ಟನ್ನು, ಲಿಫ್ಟ್ ಬಟನ್ನು ಎಲ್ಲಾ ಕೆಂಪು. ಅಸೋಸಿಯೇಷನ್ ವಾಟ್ಸಾಪಲ್ಲಿ ನನ್ನ ಹೆಸರು ಹಾಕ್ದೆ ನನ್ನನ್ನೇ ಬೈದ್ರು.

ಬಂಟ್ರಕಲ್ಲು:
ಹ್ಯಾಲೊವೀನ್ ಯಾಕೆ ಮಾರಾಯ್ರೇ ಬೆಂಗಳೂರಲ್ಲಿ? ದೀಪಾವಳಿಗೆ ಗೋಪೂಜೆ ಮಾಡುವವರು ಇಲ್ಲ, ಇದಕ್ಕೆ ಎಲ್ಲ ಉಂಟು.

ಮಾಗಡಿರೋಡ್_ಮಮ್ಮಿ:
ನಮ್ಮನೇಲಿ ಹಸು ಇಲ್ಲ, 1200 ಸ್ಕ್ವೇರ್ ಫೀಟ್ ಇದೆ. ಮುಂದೆ ಹೋಗಿ.

ಕ್ಯಾರಮೆಲ್_ಪ್ರಿಯ:
ಇಷ್ಟೆಲ್ಲಾ ಗೋಳು ಯಾಕೆ, ಕ್ಯಾರಮೆಲ್ ಆ್ಯಪಲ್ ಮಾಡಿ. ಚೌಕ ಚೌಕದ ಕ್ಯಾರಮೆಲ್ ಪ್ಯಾಕೆಟ್ ಸಿಗುತ್ತೆ, ಎರಡು ಚಮಚ ಹಾಲು ಹಾಕಿ ಮೈಕ್ರೋವೇವ್, ಅದ್ದಿ, ಶೇಂಗಾ ಪುಡಿ ಉದುರ್ಸಿ. ಥರ್ಮಾಮೀಟರೂ ಬೇಡ ತಣ್ಣೀರೂ ಬೇಡ. ನಾನು ವಾರ ಮೊದ್ಲೇ ಮಾಡಿ ಟೇಬಲ್ ಮೇಲೆ ಸಾಲಾಗಿ ಇಡ್ತೀನಿ, ಡೆಕೋರೇಷನ್ನೂ ಆಗುತ್ತೆ.

ಲ್ಯಾಬ್‌ಕೋಟ್:
ವಾರ ಟೇಬಲ್ ಮೇಲೆ??? ದಯವಿಟ್ಟು ಇದನ್ನ ಯಾರೂ ಮಾಡ್ಬೇಡಿ. 2014ರ ಕೊನೇಲಿ ಅಮೆರಿಕಾದಲ್ಲಿ ಅಂಗಡಿ ಕ್ಯಾರಮೆಲ್ ಆ್ಯಪಲ್‌ನಿಂದಾನೇ ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಹರಡಿ 12 ರಾಜ್ಯಗಳಲ್ಲಿ 35 ಜನಕ್ಕೆ ಸೋಂಕಾಗಿತ್ತು, ಅವ್ರಲ್ಲಿ 7 ಜನ ಸತ್ರು. ಸೇಬು ಹುಳಿ, ಅಲ್ಲಿ ಬೆಳಿಯಲ್ಲ. ಕ್ಯಾರಮೆಲ್‌ನಲ್ಲಿ ನೀರು ಕಮ್ಮಿ, ಅಲ್ಲೂ ಬೆಳಿಯಲ್ಲ. ಆದ್ರೆ ಕಡ್ಡಿ ಚುಚ್ಚಿದಾಗ ತೂತಿಂದ ರಸ ಮೇಲೆ ಬಂದು ಹಣ್ಣಿನ ಸಿಪ್ಪೆಗೂ ಕ್ಯಾರಮೆಲ್‌ಗೂ ಮಧ್ಯ ತೆಳ್ಳಗೆ ನಿಲ್ಲುತ್ತೆ, ಅಲ್ಲಿ ಬೆಳಿಯುತ್ತೆ. ಆಮೇಲೆ ಅದನ್ನೇ ಪರೀಕ್ಷೆ ಮಾಡಿ ನೋಡಿದಾಗ ಕಡ್ಡಿ ಚುಚ್ಚಿ ರೂಮ್ ಟೆಂಪರೇಚರಲ್ಲಿ ಇಟ್ಟ ಹಣ್ಣಲ್ಲಿ ಮೂರು ದಿನದಲ್ಲಿ ಸಾವಿರ ಪಟ್ಟು ಆಗಿತ್ತು. ಬಸುರಿ ಹೆಂಗಸರಿಗೆ ಲಿಸ್ಟೀರಿಯಾ ಅಂದ್ರೆ ಏನು ಅಂತ ನಾನು ಬಿಡಿಸಿ ಹೇಳ್ಬೇಕಾಗಿಲ್ಲ. ಮಾಡಿದ ದಿನಾನೇ ತಿಂದು ಮುಗಿಸಿ, ಇಲ್ಲ ಫ್ರಿಜ್.

ಕ್ಯಾರಮೆಲ್_ಪ್ರಿಯ:
ನಮ್ಮನೇಲಿ ಯಾರೂ ಸತ್ತಿಲ್ಲ ಮೇಡಂ, ಥ್ಯಾಂಕ್ಯೂ. ಹಬ್ಬದ ವಿಷ್ಯದಲ್ಲೂ ಸಾವು ತರೋರು ಇರ್ತಾರಲ್ಲಪ್ಪ.

ಲ್ಯಾಬ್‌ಕೋಟ್:
ನಾನು ಮೇಡಂ ಅಲ್ಲ, ಸರ್.

ಒಗ್ಗರಣೆ_ಡಬ್ಬಿ:
ಫ್ರಿಜ್‌ಗೆ ಇಟ್ರೆ ಗಟ್ಟಿ ಕ್ಯಾಂಡಿ ಆಚೆ ತೆಗೆದ ತಕ್ಷಣ ನೀರಾಡಿ ಅಂಟುತ್ತೆ ಸರ್. ಕ್ಯಾರಮೆಲ್‌ಗೆ ಫ್ರಿಜ್ ಸರಿ. ಇದಕ್ಕೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಮಾಡೋದೊಂದೇ ದಾರಿ, ನಾನು ಈಗ ಹಾಗೇ ಮಾಡ್ತಿರೋದು.

ಸ್ಯಾನ್‌ಹೋಸೆ_ಶೆಟ್ರು:
ನಮ್ಮ ಖರ್ಚಿನ ಲೆಕ್ಕ ಕೇಳಿ. ಸಾಮಾನು 52 ಡಾಲರ್. ಕಾಯಿಲ್ ಸ್ಟವ್ವೇ ನಮ್ಮದೂ, ಆಫ್ ಮಾಡಿದ್ರೂ ಕಾಯಿಲ್ ಕೆಂಪಗೆ ಉರೀತಾನೇ ಇರುತ್ತೆ, ಪಾಕ ಏರ್ತಾ ಹೋಗುತ್ತೆ, ಅದಕ್ಕೆ ಪಾತ್ರೆ ಎತ್ತಿ ಪಕ್ಕಕ್ಕೆ ಇಡೋಕೆ ಹೋದೆ, ಹಿಡಿ ಒಂಚೂರು ಅಲ್ಲಾಡ್ತು, ಹೆಬ್ಬೆರಳ ಮೇಲೆ ಒಂದು ಚಮಚದಷ್ಟು ಬಿತ್ತು. ಎಣ್ಣೆ ಬಿದ್ರೆ ಜಾರುತ್ತೆ, ಇದು ಕೂತ್ಕೊಳ್ಳುತ್ತೆ, 150 ಸೆಂಟಿಗ್ರೇಡ್‌ನಲ್ಲಿ ಚರ್ಮಕ್ಕೆ ಕಚ್ಕೊಂಡು ಬಿಡಲ್ಲ. ನಲ್ಲಿ ಕೆಳಗೆ ಇಪ್ಪತ್ತು ನಿಮಿಷ ಹಿಡ್ದೆ. ಅರ್ಜೆಂಟ್ ಕೇರ್ ಕ್ಲಿನಿಕ್‌ಗೆ ಕೋಪೇ (ಇನ್ಶೂರೆನ್ಸ್ ಇದ್ರೂ ನಾವೇ ಕಟ್ಟೋ ಪಾಲು) 75, ಮುಲಾಮು 22, ಇಷ್ಟು ಸಾಲ್ದು ಅಂತ ತಿಂಗಳಾದ್ಮೇಲೆ 310ರ ಬಿಲ್ ಬಂತು, ಡ್ರೆಸಿಂಗ್ ಬೇರೆ ಕೋಡ್‌ನಲ್ಲಿ ಹಾಕಿದಾರಂತೆ, ಇನ್ಶೂರೆನ್ಸ್ ಜೊತೆ ಮಾರ್ಚ್‌ವರೆಗೂ ಫೋನಲ್ಲೇ ಇದ್ದೆ. ಆಮೇಲೆ ಮಗಳು ಅದೇ ಆ್ಯಪಲ್ ಕಚ್ಚಿ ಹಲ್ಲಿನ ಬ್ರೇಸಸ್‌ನ ಎರಡು ಬ್ರಾಕೆಟ್ ಕಿತ್ಕೊಂಡ್ಳು, ಒಂದಕ್ಕೆ 90ರಂತೆ. ಒಟ್ಟು ಹಾಕಿ ನೋಡಿ. ಆದ್ರೂ ಹೇಳ್ತೀನಿ, ನನ್ನ ಆ್ಯಪಲ್ ಹೊಳಪು ಅಂಗಡೀದಕ್ಕೂ ಇರ್ಲಿಲ್ಲ. ಫೋಟೋ ಇದೆ.

ಲೆಸ್ಟರ್_ಮಳೆ:
ಹಿಡಿ ಅಲ್ಲಾಡೋ ಪಾತ್ರೇಲಿ ಪಾಕ ಇಟ್ಟಿದ್ದು ಯಾರು?

ಸ್ಯಾನ್‌ಹೋಸೆ_ಶೆಟ್ರು:
ಮದುವೇಲಿ ಬಂದ ಪಾತ್ರೆ. ಕೊಟ್ಟವ್ರನ್ನ ಕೇಳಿ.

ಹಂಪಿ_ಎಕ್ಸ್‌ಪ್ರೆಸ್:
ಯಾರೂ ಮುಖ್ಯ ವಿಷ್ಯ ಮಾತಾಡ್ತಿಲ್ಲ. ಮ. ರಾಮಮೂರ್ತಿಯವ್ರು ಕೊಟ್ಟ ಕನ್ನಡ ಬಾವುಟ ಅದು, ಅರಿಶಿನ ಕುಂಕುಮದ ಬಣ್ಣ. ಅದನ್ನ ಕಚ್ಚಿ ತಿನ್ನೋದಾ? ಅರ್ಧ ತಿಂದು ಕಸದ ಬುಟ್ಟಿಗೆ ಹಾಕ್ತಾರೆ ಮಕ್ಕಳು.

ಒಗ್ಗರಣೆ_ಡಬ್ಬಿ:
ಅಯ್ಯೋ, ರಾಜ್ಯೋತ್ಸವಕ್ಕೆ ಹಳದಿ ಕೆಂಪು ಕೇಕ್ ಕತ್ತರಿಸಿ ತಿನ್ನೋವಾಗ ಇಲ್ದಿದ್ದು ಈಗ ಬಂತಾ?

ಹಂಪಿ_ಎಕ್ಸ್‌ಪ್ರೆಸ್:
ಕೇಕಿಗೂ ನನ್ನ ವಿರೋಧ ಇದೆ, ಆಗ್ಲೂ ಹೇಳಿದ್ದೆ.

ಮಾಗಡಿರೋಡ್_ಮಮ್ಮಿ:
ವಿರೋಧ ಆಮೇಲೆ, ಮೊದ್ಲು ಬಣ್ಣ ಹೇಗೆ ಬರುತ್ತೆ ಅಂತ ಕೇಳಿ. ನಾನು ನ್ಯಾಚುರಲ್ ಅಂತ ಬೀಟ್‌ರೂಟ್ ರಸ ಹಾಕಿದ್ದೆ, ಆ ಬಿಸಿಗೆ ಕಂದು ಬಣ್ಣ. ಅರಿಶಿನ ಹಾಕಿದ್ರೆ ಕಷಾಯದ ವಾಸನೆ. ಬಾಟ್ಲು ಕಲರ್ರೇ ಗತಿ, ಅದನ್ನೂ ಒಲೆಯಿಂದ ಇಳಿಸಿದ್ಮೇಲೆ ಹಾಕಿ, ಮುಖ ದೂರ ಇಟ್ಕೊಳ್ಳಿ, ಬುಸ್ ಅಂತ ಹಬೆ ಬರುತ್ತೆ. ಎರಡು ಬಣ್ಣಕ್ಕೆ ಎರಡು ಪಾತ್ರೆ ಒಟ್ಟಿಗೆ ಬಿಸಿ ಇರ್ಬೇಕು. ಮೊದ್ಲು ಪೂರ್ತಿ ಹಳದೀಲಿ ಅದ್ದಿ, ಗಟ್ಟಿಯಾದ್ಮೇಲೆ ಕೆಳಗಿನ ಅರ್ಧ ಕೆಂಪಲ್ಲಿ.

ಲ್ಯಾಬ್‌ಕೋಟ್:
ಒಂದ್ನಿಮಿಷ. ತಟ್ಟೇಲಿ ಕಡ್ಡಿ ಮೇಲೆ ಮಾಡಿ ಇಟ್ಟಾಗ ಹಳದಿ ಮೇಲೆ, ಕೆಂಪು ಕೆಳಗೆ, ಸರಿ. ಮಗು ಕಡ್ಡಿ ಹಿಡ್ಕೊಂಡು ಎತ್ತಿದ ತಕ್ಷಣ ತಲೆಕೆಳಗು. ಕೆಂಪು ಮೇಲೆ.

ಹಂಪಿ_ಎಕ್ಸ್‌ಪ್ರೆಸ್:
ನೋಡಿದ್ರಾ!! ಬಾವುಟ ಉಲ್ಟಾ ಹಿಡ್ಕೊಂಡು ಓಡಾಡ್ತಾರೆ 40 ಮಕ್ಕಳು.

ಡೆನ್ವರ್_ಕಾಕಾ:
ಹಂಗಾದ್ರ ಮೊದಲ ಪೂರ್ತಿ ಕೆಂಪು, ಆಮ್ಯಾಲ ಕೆಳಗಿನ ಅರ್ಧ ಹಳದಿ. ತಟ್ಟಿಯೊಳಗ ಉಲ್ಟಾ, ಕೈಯಾಗ ಸುಲ್ಟಾ.

ಲೆಸ್ಟರ್_ಮಳೆ:
ಕೆಂಪಿನ ಮೇಲೆ ಹಳದಿ ಹಾಕಿದ್ರೆ ಕಿತ್ತಳೆ ಬರುತ್ತೆ ಕಾಕಾ, ಪಾಕ ಪಾರದರ್ಶಕ. ಹಳದಿಗೆ ಬಿಳಿ ಕಲರ್ ಬೆರೆಸ್ದೇ ಮುಚ್ಚಲ್ಲ.

ಡೆನ್ವರ್_ಕಾಕಾ:
ಬಣ್ಣ ಗಿಣ್ಣ ಏನೂ ಬೇಡ ಅಂದಾಂವ ಈಗ ಬಿಳಿ ಕಲರ್ ತಂದ ನೋಡ್ರಿ.

ಕ್ಯಾರಮೆಲ್_ಪ್ರಿಯ:
ಇಪ್ಪತ್ತು ಹಳದಿ ಇಪ್ಪತ್ತು ಕೆಂಪು ಬೇರೆ ಬೇರೆ ಮಾಡಿ, ಎರಡು ಸಾಲಲ್ಲಿ ಇಡಿ, ಮುಗೀತು.

ಹಂಪಿ_ಎಕ್ಸ್‌ಪ್ರೆಸ್:
ಹಳದಿ ಸಾಲು ಹಿಂದೆ, ಎತ್ತರದ ಮೇಲೆ ಇರ್ಬೇಕು.